ಮೈಕ್ ಪ್ರಿಆಂಪ್ಲಿಫೈಯರಿನ ‘ಸುಯ್’ ಸದ್ದು

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಮನೆಯ ಚಾವಡಿಯಲ್ಲಿ ನಡೆಯುವ ತಾಳಮದ್ದಳೆಯನ್ನು ಧ್ವನಿಮುದ್ರಿಸಿಕೊಳ್ಳಲು ಬಿಸಿ 547 ಟ್ರಾನ್ಸಿಸ್ಟರ್ ಬಳಸಿ ಮೈಕಿನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಸಣ್ಣ ಪ್ರಿಆಂಪ್ಲಿಫೈಯರ್ ಕಟ್ಟಿದ್ದೇನೆ. 200 ಓಮ್‌ನ ಡೈನಮಿಕ್ ಮೈಕಿಗೂ ಟ್ರಾನ್ಸಿಸ್ಟರಿಗೆ ಸಂಕೇತ ಒಳಹೋಗುವ ಕಾಲಾದ ಬೇಸ್‌ಗೂ ನಡುವೆ ರಕ್ಷಣೆಗೆಂದು 10 ಕಿಲೋಓಮ್ ರೆಸಿಸ್ಟರ್ ಇಟ್ಟಿದ್ದೇನೆ. ಚೆಂಡೆ, ಮದ್ದಳೆ ನಿಂತು ಅರ್ಥಧಾರಿಗಳು ತಗ್ಗಿದ ದನಿಯಲ್ಲಿ ಮಾತನಾಡುವಾಗ ‘ಸುಯ್’ ಎಂಬ ಸದ್ದೇ ಎದ್ದು ಕೇಳುತ್ತದೆ. ಕಡಿಮೆ ಸದ್ದಿನದೆನ್ನುವ ಬಿಸಿ 549 ಟ್ರಾನ್ಸಿಸ್ಟರ್ ಹಾಕಿದರೆ ಸರಿಹೋದೀತೇ?
– ಓದುಗರೊಬ್ಬರು, ಉಡುಪಿ

ಉತ್ತರ: ಟ್ರಾನ್ಸಿಸ್ಟರ್ ಬದಲಾಯಿಸುವ ಮೊದಲು ಆ 10 ಕಿಲೋಓಮ್ ರೆಸಿಸ್ಟರನ್ನು ಕಿತ್ತುಹಾಕಿ. ಎಲೆಕ್ಟ್ರಾನುಗಳ ಉಷ್ಣಚಲನೆಯಿಂದಾಗಿ ಪ್ರತಿಯೊಂದು ರೆಸಿಸ್ಟರೂ ತಾನಾಗಿಯೇ ಅಷ್ಟಿಷ್ಟು ಸದ್ದನ್ನು ಹುಟ್ಟಿಸುತ್ತದೆ. ಕಿವಿಗೆ ಕೇಳುವ ವ್ಯಾಪ್ತಿಯಲ್ಲಿ ನಿಮ್ಮ ಮೈಕಿನದು ಸುಮಾರು 0.25 ಮೈಕ್ರೋವೋಲ್ಟ್ ಆದರೆ, ಆ ರೆಸಿಸ್ಟರಿನದು 1.8 ಮೈಕ್ರೋವೋಲ್ಟ್, ಅಂದರೆ ಏಳು ಪಟ್ಟು. ಮಾತಿನೊಂದಿಗೆ ಒಮ್ಮೆ ಬೆರೆತ ಈ ಸದ್ದನ್ನು ಮುಂದೆ ಎಷ್ಟು ಒಳ್ಳೆಯ ಟ್ರಾನ್ಸಿಸ್ಟರ್ ಇದ್ದರೂ ಬೇರ್ಪಡಿಸಲಾರದು.

ಆನಂತರ ಬಿಸಿ 549ಸಿ (ಬಿಸಿ 549ರಲ್ಲೇ ಹೆಚ್ಚು ಹಿಗ್ಗಿಸುವ ಬಗೆ) ಹಾಕಬಹುದು. ಮೈಕಿನಿಂದ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ, ಅದರ ಧನ ತುದಿ ಬೇಸ್ ಕಡೆಗಿರುವಂತೆ, ನೇರವಾಗಿ ಬೇಸ್‌ಗೆ ಬನ್ನಿ. ಟ್ರಾನ್ಸಿಸ್ಟರಿನ ಉಳಿದೆರಡು ಕಾಲುಗಳು ಕಲೆಕ್ಟರ್ ಮತ್ತು ಎಮಿಟರ್: 9 ವೋಲ್ಟಿನಿಂದ ಕಲೆಕ್ಟರಿಗೆ 4.7 ಕಿಲೋಓಮ್, ಕಲೆಕ್ಟರಿನಿಂದ ಬೇಸ್‌ಗೆ 1 ಮೆಗಾಓಮ್, ಎಮಿಟರಿನಿಂದ ಗ್ರೌಂಡಿಗೆ 100 ಓಮ್. ಎಲ್ಲವೂ ಮೆಟಲ್ ಫಿಲ್ಮ್ ರೆಸಿಸ್ಟರುಗಳೇ ಇರಲಿ. ಕಲೆಕ್ಟರಿನಲ್ಲಿ ಮೀಟರ್ ಇಟ್ಟಾಗ ಎರಡೂವರೆಯಿಂದ ಮೂರೂವರೆ ವೋಲ್ಟ್ ತೋರಿಸಿದರೆ ಸುಮಾರು 1.2 ಮಿಲಿಆಂಪಿಯರ್ ಹರಿಯುತ್ತಿದೆ ಎಂದು ತಿಳಿಯಿರಿ. ಕರೆಂಟ್ ಕಡಿಮೆಯಾದಷ್ಟೂ ಸದ್ದು ಕಡಿಮೆ ಎಂಬ ನಂಬಿಕೆ ಹವ್ಯಾಸಿಗಳಲ್ಲಿ ಬಲವಾಗಿದೆಯಾದರೂ, ಅದು ಹತ್ತಾರು ಕಿಲೋಓಮ್‌ನ ಸಂಕೇತ ಮೂಲಗಳಿಗೆ ಹೊಂದುವ ಮಾತು. 200 ಓಮ್‌ನ ಮೈಕಿಗೆ ಒಂದರಿಂದ ಮೂರು ಮಿಲಿಆಂಪಿಯರ್ ಬೇಕು.

ಈ ಹಂತದಲ್ಲಿ ಸಂಕೇತ ಮೂವತ್ತೈದು ಪಟ್ಟಿಗೂ ಮಿಕ್ಕಿ ಹಿಗ್ಗುವುದರಿಂದ, ಮುಂದಿನ ಹಂತದ ಸದ್ದು ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿಗೆ ನಿಮ್ಮ ಬಿಸಿ 547 ಧಾರಾಳವಾಗಿ ಸಾಕು.

‘ಗುಂಯ್’ ಎಂಬ ಸದ್ದೂ ಇದ್ದರೆ ಅದರ ಮೂಲ ಬೇರೆ: ಅಡಾಪ್ಟರ್ ಬಿಟ್ಟು ಬ್ಯಾಟರಿ ಬಳಸಿ, ವಿದ್ಯುನ್ಮಂಡಲವನ್ನು (ಸರ್ಕ್ಯೂಟನ್ನು) ತಗಡಿನ ಡಬ್ಬಿಯಲ್ಲಿಟ್ಟು ಡಬ್ಬಿಯನ್ನು ಗ್ರೌಂಡಿಗೆ ಸೇರಿಸಿ, ಮೈಕಿಗೆ ಶೀಲ್ಡ್ ವಯರನ್ನೇ ಎಳೆಯಿರಿ.

ನಮ್ಮ ಕರಾವಳಿಯ ಆಟಿ ತಿಂಗಳಿನ ಮಳೆಯಲ್ಲಿ ಇನ್ನೊಂದು ಕಾಟವಿದೆ. ಬೆಸುಗೆಯ ನಂತರ ಬೋರ್ಡಿನ ಮೇಲೆ ಉಳಿದ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಬಳಸುವ ಅಂಟು ಪದಾರ್ಥ) ಗಾಳಿಯ ತೇವವನ್ನು ಹೀರಿಕೊಂಡಾಗ ಬೇಸ್ ಸುತ್ತ ಕರೆಂಟ್ ಸೋರಿ ಚಟಪಟ ಸದ್ದು ಬರುತ್ತದೆ. ಆದ್ದರಿಂದ ಬೆಸುಗೆ ಮುಗಿದ ಕೂಡಲೇ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬ್ರಷ್ಷಿನಿಂದ ಬೋರ್ಡನ್ನು ಉಜ್ಜಿ, ಚೆನ್ನಾಗಿ ಒಣಗಿಸಿ, ಆಮೇಲೆ ಡಬ್ಬಿ ಮುಚ್ಚಿ.