ಊರಲ್ಲಿ ಅಡಿಕೆ ಹಾಳೆ ತಟ್ಟೆ ಘಟಕ ಹಾಕಿ ನಾಲ್ಕು ಜನರಿಗೆ ಕೆಲಸ ಕೊಡಬೇಕು ಅಂತಿದ್ದೇನೆ. ಯಾವ ಮಷಿನ್ ತಗೊಳ್ಳಲಿ?

ಶಿರಸಿ ಕಡೆಯವನು ನಾನು. ಇದೇ ಪ್ರಶ್ನೆ ಹಿಡಿದು ಹೊರಟಿದ್ದೆ. ದಯವಿಟ್ಟು ಮಷಿನ್ ಮಾತು ಆಮೇಲೆ ಇಟ್ಟುಕೊಳ್ಳಿ.

ಪಿಎಂಇಜಿಪಿಯಲ್ಲಿ, ಅಂದರೆ ಸಣ್ಣ ಉದ್ಯಮಕ್ಕೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರ ಸರ್ಕಾರದ ಯೋಜನೆಯಲ್ಲಿ, ಸಾಲ ಮಾಡಿದೆ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಹೆಚ್ಚುಕಡಿಮೆ ಪೂರ್ತಿ ದುಡ್ಡನ್ನು ಹಾಳೆ ಒತ್ತುವ ಹೈಡ್ರಾಲಿಕ್ ಪ್ರೆಸ್‌ಗೆ, ತಟ್ಟೆಯ ಆಕಾರ ಕೊಡುವ ಡೈಗಳಿಗೆ ತೋರಿಸಿದೆ. ವರ್ಕಿಂಗ್ ಕ್ಯಾಪಿಟಲ್ (ಕಚ್ಚಾ ಮಾಲು, ಕೂಲಿಯಂಥ ನಡೆಸುವ ಖರ್ಚಿನ ದುಡ್ಡು) ಅಂತ ಒಂದು ಕಾಲಂ ಇರುತ್ತದೆ. ಅಲ್ಲಿ ಏನೋ ಒಂದಿಷ್ಟು ಬರೆದೆ. ಹಾಳೆ ತೋಟದಲ್ಲಿ ಸುಮ್ನೆ ಬಿದ್ದಿರುತ್ತದೆ, ಅದಕ್ಕೇನು ಖರ್ಚು ಅನ್ನುವ ಲೆಕ್ಕ. ಕಡಿಮೆ ಬಿದ್ದರೆ ಸಬ್ಸಿಡಿ ಇದೆಯಲ್ಲ ಅಂದುಕೊಂಡೆ. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ 25%, ಹೆಂಗಸರಿಗೆ 35% ಇದೆ, ನಿಜ. ಆದರೆ ಅದು ಕೈಗೆ ಬರುವುದಿಲ್ಲ. 3 ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತಿದ್ದು, ಆಮೇಲೆ ಸಾಲದಲ್ಲಿ ವಜಾ ಆಗುತ್ತದೆ.

ಆ ಒಂದು ಕಾಲಂ ಹೇಗೆ ಮುಳುಗಿಸಿತು ಅಂತ ಬಿಡಿಸಿ ಹೇಳುತ್ತೇನೆ, ನೀವೂ ಅಲ್ಲೇ ಬೀಳಬಾರದು. ಒಂದು ಮರ ವರ್ಷಕ್ಕೆ 5–6 ಹಾಳೆ ಉದುರಿಸುತ್ತದೆ. ತಟ್ಟೆಗೆ ಆಗುವುದು ಮಳೆಗೆ ಮುಂಚೆ ಆರಿಸಿ ಒಣಗಿಸಿದ್ದು ಮಾತ್ರ. ಜೂನ್‌ನಲ್ಲಿ ಮಳೆ ಹಿಡಿಯಿತೋ, ನೆಲದ ಹಾಳೆಗೆ ಕಪ್ಪು ಚುಕ್ಕೆ, ಬೂಷ್ಟು. ಮದುವೆ ಮನೆಯವರು ಅಂಥ ತಟ್ಟೆ ಮುಟ್ಟುವುದಿಲ್ಲ. ಅಂದರೆ ವರ್ಷಪೂರ್ತಿ ಪ್ರೆಸ್ ಓಡಬೇಕಾದರೆ ಅಷ್ಟೂ ಹಾಳೆಯನ್ನು ಬೇಸಿಗೆಯಲ್ಲೇ ಕೊಂಡು, ತೇವ ತಾಗದ ಶೆಡ್‌ನಲ್ಲಿ ಒಟ್ಟಬೇಕು. ಆರಿಸುವವರ ಕೂಲಿ, ಗಾಡಿ ಬಾಡಿಗೆ ಎಲ್ಲವೂ ಆಗಲೇ ಕೊಡಬೇಕು. ತಟ್ಟೆ ಮಾರಿದ ದುಡ್ಡು ಬರುವುದು ತಿಂಗಳುಗಳ ಮೇಲೆ. ತೋಟದವರೂ ಬಿಟ್ಟಿ ಕೊಡುವುದಿಲ್ಲ. ಯಾಕೆ ಕೊಡಬೇಕು? ಹಾಳೆ ಅವರಿಗೆ ದನದ ಮೇವು, ತೋಟದ ಗೊಬ್ಬರ.

ನನ್ನ ಹತ್ತಿರ ಆ ದುಡ್ಡು ಇರಲಿಲ್ಲ. ಒಟ್ಟಿದ್ದ ಸ್ವಲ್ಪ ಹಾಳೆಗೂ ಇರಿಚಲು ಹೊಡೆದು ಬೂಷ್ಟು ಬಂತು. ಪ್ರೆಸ್ ನಿಂತಿತು, ಕಂತು ನಿಲ್ಲಲಿಲ್ಲ. ಕೆಲಸ ಕಲಿತಿದ್ದ ಹೆಂಗಸರು ಗದ್ದೆ ನಾಟಿಗೆ ಹೋದರು, ಅಲ್ಲಿಂದ ಅಡಿಕೆ ಸುಲಿಯಲು. ಮದುವೆ ಸೀಸನ್ ಆರ್ಡರ್ ಬಂದಾಗ ತಟ್ಟೆಯೂ ಇಲ್ಲ, ಒತ್ತುವವರೂ ಇಲ್ಲ.

ಇನ್ನು ನಾಲ್ಕು ಜನರಿಗೆ ಕೆಲಸ ಅನ್ನುವ ಮಾತು. ಅದನ್ನು ನಾನು ಒಪ್ಪುವುದಿಲ್ಲ. ಪ್ರೆಸ್ ಮುಂದೆ ಕೂರುವವರನ್ನು ಎಣಿಸಿ ಊರು ಉದ್ಧಾರ ಆಯಿತು ಅನ್ನಬೇಡಿ. ಊರಿಗೆ ದುಡ್ಡು ಹರಿಯುವುದು ಹಾಳೆ ಕೊಳ್ಳುವಾಗ. ಈಗ ನಾನು ಸ್ವಸಹಾಯ ಸಂಘದ ಹೆಂಗಸರಿಂದ ಹಾಳೆ ಎಣಿಸಿ ಕೊಳ್ಳುತ್ತೇನೆ, ಅವತ್ತಿನ ದುಡ್ಡು ಅವತ್ತೇ. ಎಷ್ಟೋ ಮನೆಗಳಲ್ಲಿ ಮಕ್ಕಳ ಸ್ಕೂಲ್ ಖರ್ಚು ಅದರಲ್ಲೇ ಹೊರಡುತ್ತದೆ. ಬೇಗ ಆರಿಸಿ ತರುತ್ತಾರೆ, ಹಾಗಾಗಿ ನನಗೂ ಚೊಕ್ಕ ಹಾಳೆ ಸಿಗುತ್ತದೆ.

ಎಕ್ಸ್‌ಪೋರ್ಟ್ ನಂಬಿ ಸಾಲ ಮಾಡಲೇಬೇಡಿ. ಅಡಿಕೆ ಹಾಳೆಯಲ್ಲಿನ ಅಂಶ ಊಟಕ್ಕೆ ಇಳಿಯಬಹುದು ಅಂತ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇನಲ್ಲಿ ಈ ತಟ್ಟೆಗಳಿಗೆ ತಡೆ ಹಾಕಿದೆ. ಕೊಳ್ಳುವವರು ಕೇಳಿದರೆ ಇದನ್ನು ಮುಚ್ಚಿಡದೆ ಹೇಳಿ.

ಮೊದಲ ಬೇಸಿಗೆ ಹಾಳೆ ಕೊಂಡು ಒಟ್ಟಿ. ಪ್ರೆಸ್ ಇರುವವರ ಹತ್ತಿರ ಕೂಲಿ ಕೊಟ್ಟು ಒತ್ತಿಸಿ, ಸುತ್ತಲಿನ ಅಡುಗೆ ಕಂಟ್ರಾಕ್ಟರ್‌ಗಳಿಗೆ ಮಾರಿ. ವ್ಯಾಪಾರ ಕುದುರಿದರೆ ಇಲ್ಲೇ ಬರೆಯಿರಿ, ಯಾವ ಮಷಿನ್ ಅಂತ ಆಗ ಹೇಳುತ್ತೇನೆ.