ಬೀಜ ಗಂಡಿನದು ಎನ್ನುವ ಮಾಸ್ತರರಿಗೆ

ಚಿತ್ತಾಪುರ ತಾಲ್ಲೂಕಿನ ನಿವೃತ್ತ ಶಾಲಾ ಮಾಸ್ತರರೊಬ್ಬರು ಬರೆಯುತ್ತಾರೆ: "ಗಿಡಗಳಲ್ಲಿ ತಂದೆಯ ಜೀನನ್ನು ತಾಯಿ ಸುಮ್ಮನಾಗಿಸುತ್ತಾಳೆ ಎಂದು ಹೋದ ಸಂಚಿಕೆಯಲ್ಲಿ ಅಚ್ಚು ಹಾಕಿದ್ದೀರಿ. ಬೀಜ ಗಂಡಿನದು, ಹೊಲ ಹೆಣ್ಣಿನದು ಎಂದು ಹಿರಿಯರು ಹೇಳಿದ್ದು ಸುಳ್ಳೇ? ಇಬ್ಬರದೂ ಸಮಪಾಲು ಎಂದು ಮೂವತ್ತು ವರ್ಷ ಮಕ್ಕಳಿಗೆ ಮೆಂಡೆಲನನ್ನು ಕಲಿಸಿದ್ದು ವ್ಯರ್ಥವೇ? ಇಂದಿನ ಸ್ತ್ರೀವಾದವನ್ನು ಗಿಡಕ್ಕೂ ಅಂಟಿಸಬೇಡಿ. ಅಷ್ಟಕ್ಕೂ ಜೀನನ್ನು ಮುಚ್ಚುವವರು ಯಾರು? ಆ ಗುರುತು ಮುಂದಿನ ಪೀಳಿಗೆಗೂ ಹೋಗುತ್ತದೆಯೇ?"

ಮಾಸ್ತರೇ, ಇಷ್ಟು ಖಾರದ ಪತ್ರ ಬಂದು ಬಹಳ ದಿನವಾಗಿತ್ತು. ನಿಮಗೆ ಸಲ್ಲಬೇಕಾದ್ದನ್ನು ಮೊದಲು ಸಲ್ಲಿಸಿಬಿಡುತ್ತೇನೆ. ಗಿಡದ ನಡತೆಯನ್ನು ಮನುಷ್ಯರ ಮನೆಗೆ ಕಾನೂನು ಮಾಡಬಾರದು, ಒಪ್ಪಿದೆ. ಮೆಂಡೆಲನೂ ತಪ್ಪು ಹೇಳಿಲ್ಲ. ಬಹುಪಾಲು ಜೀನುಗಳು ಯಾವ ಕಡೆಯಿಂದ ಬಂದವೆಂದು ಯಾರೂ ಕೇಳುವುದಿಲ್ಲ. ಇನ್ನು ಜಗಳಕ್ಕೆ ಬರೋಣ.

ನೀವು ಹೇಳಿದ 'ಸಮಪಾಲು' ನಿಮ್ಮ ತಾಟಿನ ರೊಟ್ಟಿಯಲ್ಲೇ ಇಲ್ಲ. ಸೀತನಿಗೆ ಇನ್ನೂ ನಾಲ್ಕಾರು ದಿನ ಇರುವಾಗ ಬಿಳಿಜೋಳದ ತೆನೆಯಿಂದ ಒಂದು ಹಸಿ ಕಾಳು ಬಿಡಿಸಿ ಉಗುರಿನಿಂದ ಒತ್ತಿ ನೋಡಿ. ಬೆಳ್ಳಗೆ ಹಾಲು ಬರುತ್ತದೆ. ಅದು ಎಂಡೋಸ್ಪರ್ಮ್, ಮೊಳಕೆಗೆಂದು ತಾಯಿಗಿಡ ಕಟ್ಟಿಕೊಡುವ ಬುತ್ತಿ. ಒಣಗಿದ ಮೇಲೆ ನಮ್ಮ ಹಿಟ್ಟಿನ ಬಹುಪಾಲು ಅದೇ. ಪರಾಗವು ಎರಡು ಗಂಡು ಕೋಶಗಳನ್ನು ತರುತ್ತದೆ. ಒಂದು ಅಂಡವನ್ನು ಸೇರಿ ಭ್ರೂಣವಾಗುತ್ತದೆ, ಇನ್ನೊಂದು ತಾಯಿಯ ಜೀನುಗಳನ್ನು ಹೊತ್ತ ಎರಡು ಕೇಂದ್ರಗಳಿರುವ ನಡುಕೋಶವನ್ನು ಸೇರಿ ಎಂಡೋಸ್ಪರ್ಮ್ ಆಗುತ್ತದೆ. ರಷ್ಯಾದ ನವಾಶಿನ್ ಇದನ್ನು 1898ರಲ್ಲೇ ಕಂಡಿದ್ದ. ಅಂದರೆ ಆ ಹಾಲಿನಲ್ಲಿ ತಾಯಿಯದು ಎರಡು ಪಾಲು, ತಂದೆಯದು ಒಂದು.

ಹಾಗಾದರೆ ಎಲ್ಲವೂ ಪ್ರಮಾಣದ ಲೆಕ್ಕವೇ ಎಂದು ನೀವು ಕೇಳುವಿರಿ. ಅಮೆರಿಕದ ಜೆರ್ರಿ ಕರ್ಮಿಕಲ್ ಕೇಳಿದ್ದೂ ಇದನ್ನೇ. ಮೆಕ್ಕೆಜೋಳದ ಕಾಳಿಗೆ ಬಣ್ಣ ಕೊಡುವ 'ಆರ್' ಎಂಬ ಜೀನು ತಾಯಿಯಿಂದ ಬಂದರೆ ಕಾಳು ಪೂರ್ತಿ ಬಣ್ಣ ಕಟ್ಟುತ್ತದೆ, ಅದೇ ಜೀನು ತಂದೆಯಿಂದ ಬಂದರೆ ಚುಕ್ಕೆ ಚುಕ್ಕೆ. ತಂದೆಯ ಕಡೆಯಿಂದಲೂ ಎರಡು ಪ್ರತಿ ಬರುವಂತೆ ಆತ ವರ್ಣತಂತುಗಳನ್ನು ಹೊಂದಿಸಿ ನೋಡಿದ. ಆಗಲೂ ಚುಕ್ಕೆಯೇ! 1970ರಲ್ಲಿ ಪ್ರಕಟವಾದ ಈ ಕೆಲಸ ಜೀನೋಮಿಕ್ ಇಂಪ್ರಿಂಟಿಂಗ್ ಎಂಬ ಸಂಗತಿಗೆ ಗಿಡಗಳಲ್ಲಿ ಮೊದಲ ಗಟ್ಟಿ ಸಾಕ್ಷಿ. ಎಷ್ಟು ಪ್ರತಿ ಬಂದಿತೆಂಬುದಕ್ಕಿಂತ ಯಾರ ಕೈಯಿಂದ ಬಂದಿತೆಂಬುದು ಅಲ್ಲಿ ಮುಖ್ಯವಾಯಿತು. ಇಲಿಗಳಲ್ಲಿ ಇಂಥದ್ದು ಖಚಿತವಾಗಲು 1984 ಬೇಕಾಯಿತು. ಆದರೂ ಇಂಪ್ರಿಂಟಿಂಗ್ ಎಂದೊಡನೆ ಎಲ್ಲರೂ ಇಲಿಯನ್ನೇ ನೆನೆಯುತ್ತಾರೆ. ಗಿಡದವರ ಪಾಡೇ ಇಷ್ಟು.

ಈಗ ನಿಮ್ಮ 'ಯಾರು?' ಎಂಬ ಪ್ರಶ್ನೆ. ಡಿಎನ್ಎಯ ಸೈಟೋಸಿನ್ ಅಕ್ಷರಗಳ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪು ಕೂತರೆ ಎಷ್ಟೋ ಜೀನುಗಳಿಗೆ ಬೀಗ ಬಿದ್ದಂತೆ. ಕೋಶ ಒಡೆದು ಎರಡಾದಾಗಲೂ ಆ ಬೀಗ ತಪ್ಪದಂತೆ ನೋಡಿಕೊಳ್ಳುವ ಕಿಣ್ವದ ಹೆಸರು ಮೆಟ್-1. ತಂದೆಯ ಕಡೆಯಿಂದ ಬರುವ ಪ್ರತಿ ಬೀಗದ ಸಮೇತವೇ ಬರುತ್ತದೆ. ತಾಯಿಯ ನಡುಕೋಶದಲ್ಲಿ ಮಾತ್ರ, ಪರಾಗ ಇನ್ನೂ ಬಂದು ಮುಟ್ಟುವ ಮೊದಲೇ, ಡಿಮೀಟರ್ ಎಂಬ ಕಿಣ್ವ ಆ ಮೀಥೈಲ್ ಹೊತ್ತ ಅಕ್ಷರಗಳನ್ನು ಕಿತ್ತು ಹಾಕುತ್ತದೆ. ಆ ಜಾಗದಲ್ಲಿ ಗುರುತಿಲ್ಲದ ಅಕ್ಷರ ಬಂದು ಕೂರುತ್ತದೆ. 2002ರಲ್ಲಿ ಅರಾಬಿಡಾಪ್ಸಿಸ್ ಎಂಬ ಸಾಸಿವೆ ಕುಟುಂಬದ ಕಳೆಗಿಡದಲ್ಲಿ ಇದು ಗೊತ್ತಾಯಿತು. ಗ್ರೀಕರ ಪೈರಿನ ದೇವತೆಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಹಾಗಾಗಿ ಮಾಸ್ತರೇ, ಇಲ್ಲಿ ತಾಯಿ ತಂದೆಯ ಬಾಯಿ ಮುಚ್ಚಿಸುತ್ತಿಲ್ಲ. ತನ್ನ ಪ್ರತಿಯ ಬೀಗವನ್ನು ಮುಂಚಿತವಾಗಿ ತೆಗೆದಿಟ್ಟುಕೊಂಡಿರುತ್ತಾಳೆ, ಅಷ್ಟೇ.

ಬಾಯಿ ಮುಚ್ಚಿಸುವ ಕೆಲಸವೂ ಉಂಟು, ಅದರ ದಾರಿ ಬೇರೆ. ಡಿಎನ್ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳ ಮೇಲೆ ಗುರುತು ಹಾಕಿ ಜೀನನ್ನು ಅಡಗಿಸುವ ಪಾಲಿಕೋಂಬ್ ಎಂಬ ಪ್ರೋಟೀನು ಕೂಟವಿದೆ. ಅದರ ಒಬ್ಬ ಸದಸ್ಯೆ ಮಿಡಿಯಾ. ತಾಯಿಯ ಮಿಡಿಯಾ ಜೀನು ತಯಾರಿಸಿದ ಪ್ರೋಟೀನೇ ಎಂಡೋಸ್ಪರ್ಮ್‌ನಲ್ಲಿ ತಂದೆಯ ಮಿಡಿಯಾ ಜೀನನ್ನು ಅಡಗಿಸುತ್ತದೆ. ತಾಯಿಯ ಪ್ರತಿ ಕೆಟ್ಟಿದ್ದರೆ, ತಂದೆಯದು ಎಷ್ಟೇ ಒಳ್ಳೆಯದಿರಲಿ, ಆ ಕಾಳು ಜೊಳ್ಳು. 1998ರಲ್ಲಿ ಈ ಜೀನನ್ನು ಗುರುತಿಸಿದವರು ಮಕ್ಕಳನ್ನು ಕೊಂದ ಗ್ರೀಕ್ ತಾಯಿಯ ಹೆಸರಿಟ್ಟರು. ಗಂಡಿನ ಕಡೆಯೂ ಒಂದು ಮಾತು ಹೇಳಬೇಕಲ್ಲ: ಫೆರೀಸ್-1 ಎಂಬ ಜೀನಿನಲ್ಲಿ ತಂದೆಯ ಪ್ರತಿ ಕೆಲಸ ಮಾಡುತ್ತದೆ, ತಾಯಿ ತನ್ನದನ್ನೇ ಅಡಗಿಸಿಕೊಳ್ಳುತ್ತಾಳೆ.

ಯಾಕಿಷ್ಟು ತಿಣುಕಾಟ? ಹೇಗ್ ಮತ್ತು ವೆಸ್ಟೋಬಿ ಎಂಬ ವಿಜ್ಞಾನಿಗಳು 1989ರಲ್ಲಿ ಕೊಟ್ಟ ಉತ್ತರ ನನಗೆ ಬಹಳ ಹಿಡಿಸುತ್ತದೆ. ಒಂದೇ ಗಿಡದ ಕಾಳುಗಳಿಗೆ ತಾಯಿ ಒಬ್ಬಳೇ, ತಂದೆಯರು ಹಲವರು ಇರಬಹುದು. ತನ್ನ ಕಾಳಿಗೇ ಹೆಚ್ಚು ಹಾಲು ಬರಲೆಂಬುದು ತಂದೆಯ ಜೀನಿನ ಹಂಬಲ. ತಾಯಿಗೆ ಎಲ್ಲ ಕಾಳುಗಳೂ ಒಂದೇ, ಹಂಚಿ ಬಡಿಸಬೇಕು. ಅರಾಬಿಡಾಪ್ಸಿಸ್‌ನಲ್ಲಿ ತಂದೆಯ ವರ್ಣತಂತುಗಳನ್ನು ದುಪ್ಪಟ್ಟು ಮಾಡಿದರೆ ಬೀಜ ದಪ್ಪಗಾಗುತ್ತದೆ. ಇನ್ನೂ ಹೆಚ್ಚಿಸಿದರೆ ಸತ್ತೇ ಹೋಗುತ್ತದೆ.

ಇದನ್ನೆಲ್ಲ ತಿಳಿದ ಮೇಲೂ 'ಹೊಲ ಹೆಣ್ಣಿನದು' ಎನ್ನುವಿರಾ? ನಮ್ಮ ಕಡೆ ಆ ಮಾತು ಬರೀ ಗಾದೆಯಾಗಿ ಉಳಿದಿಲ್ಲ. ಮಗ ಹುಟ್ಟಿದರೆ ಬೀಜದ ಗುಣ, ಮಗಳು ಹುಟ್ಟಿದರೆ ಹೊಲದ ದೋಷ! ಮಗು ಗಂಡೋ ಹೆಣ್ಣೋ ಎಂದು ತೀರುವುದು ತಂದೆಯ ವರ್ಣತಂತುವಿನಿಂದ ಎಂದು ಹತ್ತನೆಯ ತರಗತಿಯಲ್ಲಿ ಓದಿ ಪಾಸಾದವರೇ ಸೊಸೆಯನ್ನು ಬೈಯುತ್ತಾರೆ. ನಮ್ಮ ಪಾಠಗಳಾದರೂ ಬಟಾಣಿಯ ಮೂರಕ್ಕೊಂದರ ಲೆಕ್ಕದ ಆಚೆ ಎಷ್ಟು ದೂರ ಹೋಗುತ್ತವೆ? ಸೂಕ್ಷ್ಮದರ್ಶಕವನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಿ, ಕೀಲಿಯನ್ನು ವರ್ಗವಾದವರ ಜೊತೆ ಕಳಿಸಿಬಿಟ್ಟ ಕಾಲೇಜುಗಳನ್ನು ನಾನು ಬಲ್ಲೆ.

ಹೊಲಕ್ಕೇ ಬನ್ನಿ. ಒಳ್ಳೆಯ ತೆನೆ ಆರಿಸಿ, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ, ಬೇವಿನೆಲೆ ಹಾಕಿ ಬೀಜ ಕಟ್ಟಿಡುವವರು ಯಾರು? ಅದೇ ಹೆಣ್ಣುಮಗಳು ರಿಯಾಯಿತಿ ಬೀಜಕ್ಕೆ ಸಾಲಿನಲ್ಲಿ ನಿಂತರೆ ಕೇಳುವುದು ಪಹಣಿ, ಅದರಲ್ಲಿರುವುದು ಗಂಡನ ಹೆಸರು, ಇಲ್ಲವೇ ತೀರಿಹೋದ ಮಾವನ ಹೆಸರು. ಸ್ತ್ರೀವಾದವನ್ನು ಗಿಡಕ್ಕೆ ಅಂಟಿಸಬೇಡಿ ಎಂದಿರಿ. ಗಂಡಸರ ಯಜಮಾನಿಕೆಯನ್ನು ಬೀಜಕ್ಕೆ ಅಂಟಿಸಿದಾಗ ಯಾರೂ ಪತ್ರಿಕೆಗೆ ಪತ್ರ ಬರೆದಂತಿಲ್ಲ.

ಉಳಿದದ್ದು ಪೀಳಿಗೆಯ ಪ್ರಶ್ನೆ. ಗಿಡಗಳಲ್ಲಿ ಇಂಪ್ರಿಂಟಿಂಗ್ ಹೆಚ್ಚಾಗಿ ನಡೆಯುವುದು ಎಂಡೋಸ್ಪರ್ಮ್‌ನಲ್ಲಿ. ಅದು ಮೊಳಕೆಗೆ ಉಣಿಸಿ ಮುಗಿದುಹೋಗುತ್ತದೆ, ಅದಕ್ಕೆ ಸಂತಾನವಿಲ್ಲ. ಪ್ರಾಣಿಗಳಲ್ಲಿ ಪ್ರತಿ ಪೀಳಿಗೆಯಲ್ಲೂ ಹಳೆಯ ಗುರುತನ್ನು ಅಳಿಸಿ ಹೊಸದನ್ನು ಬರೆಯಬೇಕು. ಇಲ್ಲಿ ಅಳಿಸುವ ಗೊಡವೆಯೇ ಇಲ್ಲ. ಮುಂದಿನ ಹೂವಿನ ನಡುಕೋಶ ತನ್ನ ಬೀಗವನ್ನು ತಾನೇ ತೆಗೆದುಕೊಳ್ಳಬೇಕು. ನಮ್ಮ ಬಿಳಿಜೋಳದಲ್ಲೂ ಇಂಥ ಜೀನುಗಳು ಗುರುತಾಗಿವೆ; ಅದನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ. ಅದಕ್ಕೂ ಖಾರವಾಗಿಯೇ ಉತ್ತರಿಸಿ. ಜೊತೆಗೆ ನಿಮ್ಮ ಮನೆಯವರು ಯಾವ ಜೋಳದ ಬೀಜ ಕಟ್ಟಿಡುತ್ತಾರೆ, ತೆನೆಯನ್ನು ಏನು ನೋಡಿ ಆರಿಸುತ್ತಾರೆ ಎಂದು ಅವರನ್ನೇ ಕೇಳಿ ಬರೆಯಿರಿ, ಅವರ ಹೆಸರಿನಲ್ಲೇ ಅಚ್ಚು ಹಾಕುತ್ತೇವೆ.

— ಸಂಪಾದಕ