ಟೆಸ್ಟ್ ಪಾಸಾದ ಸ್ಪ್ರಿಂಗ್ ಒಂದು ಚುಕ್ಕೆಗೆ ಮುರಿಯುತ್ತದಾ?

ವಾಲ್ವ್ ಸ್ಪ್ರಿಂಗ್ ತಂತಿ ಟೆನ್ಸೈಲ್ ಟೆಸ್ಟ್ ಪಾಸು, ಹಾರ್ಡ್‌ನೆಸ್ ಸರಿ, ಮೇಲೆ ಒಂದು ಗೀರೂ ಇಲ್ಲ, ಆದರೂ ಮುರಿಯಿತು, ಲ್ಯಾಬ್‌ನವರು ಒಳಗೆ ಇನ್‌ಕ್ಲೂಷನ್, ಅಂದರೆ ಉಕ್ಕಿನೊಳಗೆ ಸಿಕ್ಕಿಕೊಂಡ ಕಲ್ಮಶದ ಕಾಳು, ಇತ್ತು ಅಂತಾರೆ, ಅಷ್ಟು ಸಣ್ಣದು ಸಾಕಾ ಅಂತ ಕೇಳಿದ್ದೀರಿ. ಸಾಕು.

ಟೆನ್ಸೈಲ್ ಟೆಸ್ಟ್‌ನಲ್ಲಿ ಎಳೆಯುವುದು ಒಂದೇ ಸಲ. ಸ್ಪ್ರಿಂಗ್ ಕಥೆ ಬೇರೆ. ಫೋರ್ ಸ್ಟ್ರೋಕ್ ಎಂಜಿನ್ 3000 ಆರ್‌ಪಿಎಂನಲ್ಲಿ ಓಡಿದರೆ ಅದು ನಿಮಿಷಕ್ಕೆ 1500 ಸಲ ಕುಗ್ಗುತ್ತದೆ, ಅಂದರೆ ಒಂದು ಕೋಟಿ ಸಲ ಆಗಲು ಸುಮಾರು 111 ಗಂಟೆ ಸಾಕು. ಕರಗಿದ ಉಕ್ಕಿನಿಂದ ಆಕ್ಸಿಜನ್ ತೆಗೆಯಲು ಅಲ್ಯೂಮಿನಿಯಂ ಹಾಕುತ್ತಾರಲ್ವಾ, ಅದರಿಂದ ಆಗುವ ಅಲ್ಯೂಮಿನಾ ಪೂರ್ತಿ ತೇಲಿ ಹೋಗದೆ ಒಂದಿಷ್ಟು ಒಳಗೇ ಉಳಿದುಬಿಡುತ್ತದೆ. ಆ ಕಾಳು ಉಕ್ಕಿನ ಜೊತೆ ಹಿಗ್ಗುವುದಿಲ್ಲ. ಹಾಗಾಗಿ ಅದರ ಸುತ್ತ ಒತ್ತಡ ಜಾಸ್ತಿ, ಬಿರುಕು ಅಲ್ಲೇ ಶುರು. ಸಣ್ಣ ಗುಂಡುಗಳನ್ನು ಹೊಡೆದು ಮೇಲ್ಮೈ ಬಿಗಿ ಮಾಡುವ ಶಾಟ್ ಪೀನಿಂಗ್ ಮೇಲ್ಮೈಯನ್ನಷ್ಟೇ ಕಾಪಾಡುತ್ತದೆ.

ಜನ ಎಡವುವುದು ಹಾರ್ಡ್‌ನೆಸ್ ವಿಷಯದಲ್ಲಿ. ಸುಮಾರು 400 ವಿಕರ್ಸ್‌ವರೆಗೆ (ವಿಕರ್ಸ್ ಅಂದರೆ ಹಾರ್ಡ್‌ನೆಸ್‌ನ ಅಳತೆ) ಹಾರ್ಡ್‌ನೆಸ್ ಏರಿದ ಹಾಗೆ ಫಟೀಗ್ ಲಿಮಿಟ್ಟೂ, ಅಂದರೆ ಎಷ್ಟೋ ಸಲ ಹೇರಿದರೂ ಮುರಿಯದೆ ತಡೆಯುವ ಒತ್ತಡದ ಮಿತಿಯೂ, ಏರುತ್ತದೆ, ಹಾರ್ಡ್‌ನೆಸ್‌ನ 1.6 ಪಟ್ಟು ಮೆಗಾಪಾಸ್ಕಲ್ ಅಂತ ಲೆಕ್ಕ. ಅದರಾಚೆ ಇನ್‌ಕ್ಲೂಷನ್‌ದೇ ಕಾರುಬಾರು. ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಯುಕಿತಾಕಾ ಮುರಕಾಮಿ ಕೊಟ್ಟ ಸೂತ್ರ ನನಗೆ ತುಂಬಾ ಇಷ್ಟ, ಏಕೆಂದರೆ ಅದಕ್ಕೆ ಎರಡೇ ಸಂಖ್ಯೆ ಬೇಕು: ಹಾರ್ಡ್‌ನೆಸ್ ಮತ್ತು ಎಳೆಯುವ ದಿಕ್ಕಿನಿಂದ ನೋಡಿದಾಗ ಬೀಳುವ ಇನ್‌ಕ್ಲೂಷನ್ ನೆರಳಿನ ವಿಸ್ತೀರ್ಣದ ವರ್ಗಮೂಲ. 600 ವಿಕರ್ಸ್ ಉಕ್ಕನ್ನು ಸಮನಾಗಿ ಎಳೆದು ಒತ್ತುತ್ತಿದ್ದರೆ, ಕಲ್ಮಶವಿಲ್ಲದಿದ್ದಾಗ ಫಟೀಗ್ ಲಿಮಿಟ್ ಸುಮಾರು 960 ಮೆಗಾಪಾಸ್ಕಲ್ ಬರಬೇಕು. ಒಳಗಿನ ಇನ್‌ಕ್ಲೂಷನ್‌ನ ಆ ವರ್ಗಮೂಲ 10 ಮೈಕ್ರಾನ್ ಇದ್ದರೆ 765ಕ್ಕೆ ಇಳಿಯುತ್ತದೆ, 100 ಮೈಕ್ರಾನ್ ಇದ್ದರೆ 521ಕ್ಕೆ. ಲೆಕ್ಕಕ್ಕೆ ಬರುವುದು ಸರಾಸರಿ ಅಲ್ಲ, ಇರುವುದರಲ್ಲೇ ದೊಡ್ಡದು. ಟೆಸ್ಟ್ ಮಾಡಿದ ಪುಟ್ಟ ತುಂಡಿನಲ್ಲಿ ಆ ದೊಡ್ಡದು ಸಿಗದೇ ಹೋಗಬಹುದು, ಅದಕ್ಕೇ ನಿಮ್ಮ ರಿಪೋರ್ಟ್ ಚೆನ್ನಾಗಿ ಬಂದಿರುವುದು.

ಇಂಥ ಮುರಿತವನ್ನು ನಾನು ಮೊದಲ ಸಲ ಮೈಕ್ರೋಸ್ಕೋಪ್‌ನಲ್ಲಿ ನೋಡಿದಾಗ ಸುಮ್ನೆ ನೋಡುತ್ತಾ ಕೂತುಬಿಟ್ಟೆ. ದುಂಡಗೆ ಒಂದು ವೃತ್ತ, ನಟ್ಟನಡುವೆ ಕಪ್ಪು ಚುಕ್ಕೆ, ಥೇಟ್ ಮೀನಿನ ಕಣ್ಣು. ಅದನ್ನು ಕರೆಯುವುದೂ ಫಿಶ್ ಐ ಅಂತಲೇ.

ಲ್ಯಾಬ್‌ನವರ ಹತ್ತಿರ ಆ ಚುಕ್ಕೆಯ ಅಳತೆ ಕೇಳಿ. ಸಪ್ಲೈಯರ್ ಹತ್ತಿರ ಆಕ್ಸಿಜನ್ ಎಷ್ಟು ಪಿಪಿಎಂ, ಅತಿ ದೊಡ್ಡ ಇನ್‌ಕ್ಲೂಷನ್ ಎಷ್ಟು ಅಂತ ಕೇಳಿ. ಮುರಿದ ಎರಡು ತುಂಡು ಇನ್ನೂ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಒಂದಕ್ಕೊಂದು ಜೋಡಿಸಿ ನೋಡಬೇಡಿ, ಬ್ರಷ್ಷಿನಿಂದ ಉಜ್ಜಲೂಬೇಡಿ. ಕಣ್ಣು ಅಳಿಸಿಹೋಗುತ್ತದೆ.